ಸಂತೆಯಲ್ಲಿ ನಿದ್ದೆ, ಹಾಸಿಗೆಯಲ್ಲಿ ಎಚ್ಚರ

ಪ್ರಶ್ನೆ: ನನಗೆ 47 ವರ್ಷ. ಶಿರಾ ಕಡೆಯ ರೈತ. ಮೂರು ಎಕರೆ ಅಡಿಕೆ, ಮಿಕ್ಕಿದ್ದು ರಾಗಿ, ಶೇಂಗಾ. ನಾಲ್ಕು ವರ್ಷ ನಮ್ಮಲ್ಲಿ ಮೂರು ಫೇಸ್ ಕರೆಂಟು ಹೆಚ್ಚಾಗಿ ರಾತ್ರಿಯೇ ಬರುತ್ತಿತ್ತು. ಹನ್ನೊಂದಕ್ಕೋ ಎರಡಕ್ಕೋ ಎದ್ದು ಟಾರ್ಚ್ ಹಿಡಿದು ಹೋಗಿ ಮೋಟಾರ್ ಹಾಕಿ ಬರುತ್ತಿದ್ದೆ. ಹೋದ ವರ್ಷ, ಮನೆಯಿಂದಲೇ ಫೋನಿನಲ್ಲಿ ಮೋಟಾರ್ ಹಾಕುವ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದೇನೆ. ಈಗ ಏಳುವ ಅಗತ್ಯವೇ ಇಲ್ಲ. ಆದರೂ ನಿದ್ದೆ ಇಲ್ಲ. ಒಂಬತ್ತಕ್ಕೇ ಮಲಗಿದರೂ ಹನ್ನೆರಡರವರೆಗೆ ಹೊರಳಾಟ. ನಿದ್ದೆ ಹತ್ತಿದರೂ ಎರಡಕ್ಕೆ ಎಚ್ಚರ. ಹಗಲು ಮಾತ್ರ ಎಲ್ಲಿ ಕೂತರೂ ತೂಕಡಿಕೆ. ಹಿಂದಿನ ತಿಂಗಳು ಸಂತೆಯಲ್ಲಿ ಚೀಲಕ್ಕೆ ಒರಗಿದವನು ಹಾಗೇ ನಿದ್ದೆ ಹೋಗಿದ್ದೆ. ವಾಪಸ್ ಬರುವಾಗ ಬೈಕಿನ ಮೇಲೇ ಕಣ್ಣು ಹತ್ತಿ ಹಳ್ಳಕ್ಕೆ ಇಳಿದೆ. ಮೊಣಕೈ ತರಚಿತು ಅಷ್ಟೇ. ನನ್ನ ಗೊರಕೆ ಜೋರು, ಮಧ್ಯೆ ಮಧ್ಯೆ ಉಸಿರೇ ನಿಂತ ಹಾಗಾಗುತ್ತೆ ಅಂತ ಮನೆಯವಳು ಹೇಳುತ್ತಾಳೆ. ಬಿ.ಪಿ. ಮಾತ್ರೆ ತಗೊಳ್ತೀನಿ. ಎಂಟು ತಿಂಗಳಿಂದ ಮೆಡಿಕಲ್ ಶಾಪಿನಲ್ಲಿ ನಿದ್ದೆಗೆಂದು ಕೊಟ್ಟ ಆಲ್‌ಪ್ರಜೋಲಾಮ್ ಮಾತ್ರೆ ನುಂಗುತ್ತಿದ್ದೇನೆ. ಮೊದಲು ಅರ್ಧ ಮಾತ್ರೆ ಸಾಕಿತ್ತು, ಈಗ ಒಂದೂ ಹಿಡಿಯುವುದಿಲ್ಲ. ವಾರಕ್ಕೊಮ್ಮೆ ಸ್ವಲ್ಪ ಡ್ರಿಂಕ್ಸ್ ಮಾಡುತ್ತೇನೆ, ಆವತ್ತು ಬೇಗ ನಿದ್ದೆ ಬರುತ್ತದೆ. ಸಿಟ್ಟು ಜಾಸ್ತಿಯಾಗಿದೆ. ‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ, ಸಾಲದ ಚಿಂತೆ ಬಿಡು, ತಾನಾಗಿ ಬರುತ್ತೆ’ ಅಂತಾನೆ ಅಣ್ಣ. ಮನೋವೈದ್ಯರ ಹತ್ತಿರ ಹೋಗೋಣ ಅಂತಾಳೆ ಮಗಳು. ಊರವರು ಏನಂದುಕೊಳ್ಳುತ್ತಾರೋ ಅಂತ ನನಗೆ ಯೋಚನೆ. ಇದಕ್ಕೆಲ್ಲ ನಿಜವಾಗಿ ಡಾಕ್ಟರ್ ಬೇಕಾ? ಬೇಕಾದರೆ ಯಾವ ಡಾಕ್ಟರ್?

ಉತ್ತರ: ಡಾಕ್ಟರ್ ಬೇಕು. ಈ ತಿಂಗಳೊಳಗೇ ಬೇಕು. ಅಲ್ಲಿಯವರೆಗೆ ಬೈಕಿನ ಕೀ ಮಗಳ ಹತ್ತಿರ ಇರಲಿ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಉತ್ತರ ಉದ್ದವಿದೆ, ಮಧ್ಯದಲ್ಲೇ ನಿಮಗೆ ತೂಕಡಿಕೆ ಬಂದರೆ ಕಷ್ಟ.

ನಿಮ್ಮ ಅಣ್ಣ ಹೇಳಿದ ಗಾದೆ ಚೆನ್ನಾಗಿದೆ. ಆದರೆ ಇಷ್ಟು ವರ್ಷ ಕ್ಲಿನಿಕ್ಕಿನಲ್ಲಿ ಕೂತ ಮೇಲೆ ನನ್ನ ಕಿವಿಗೆ ಅದು ಬೇರೆ ಥರ ಕೇಳಿಸುತ್ತದೆ. ಸಂತೆಯ ಗದ್ದಲದಲ್ಲಿ ಚೀಲಕ್ಕೆ ಒರಗಿ ನಿದ್ದೆ ಹೋದವನನ್ನು ಕಂಡರೆ, ಪುಣ್ಯಾತ್ಮ, ಇವನಿಗೆ ಚಿಂತೆ ಇಲ್ಲ ಅಂತ ನನಗೆ ಅನ್ನಿಸುವುದಿಲ್ಲ. ರಾತ್ರಿ ಇವನಿಗೆ ಏನಾಗುತ್ತಿದೆ ಅಂತ ಕೇಳಬೇಕು ಅನ್ನಿಸುತ್ತದೆ. ಬರೀ ಚಿಂತೆಯಿಂದ ನಿದ್ದೆ ಕೆಟ್ಟವರಿಗೆ ಸಾಮಾನ್ಯವಾಗಿ ಹಗಲೂ ನಿದ್ದೆ ಹತ್ತುವುದಿಲ್ಲ. ಮೈಯೆಲ್ಲ ಸುಸ್ತು, ಕಣ್ಣು ಉರಿ. ಮಧ್ಯಾಹ್ನ ಚಾಪೆ ಹಾಕಿಕೊಂಡು ಮಲಗಿದರೂ ತಲೆ ಓಡುತ್ತಲೇ ಇರುತ್ತದೆ. ನಿಮಗೆ ಹಾಗಾಗುತ್ತಿಲ್ಲ. ಕೂತಲ್ಲೇ ಕಣ್ಣು ಎಳೆಯುತ್ತದೆ, ಬೈಕಿನ ಮೇಲೂ ಬಿಡುವುದಿಲ್ಲ. ಇದರ ಹಿಂದೆ ಬೇರೆ ಏನೋ ಇದೆ.

‘ನಿದ್ದೆಗೆಟ್ಟಿದ್ದೇನೆ’ ಅಂತ ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ವೈದ್ಯರಿಗೆ ಅದರಲ್ಲಿ ಮೂರು ಬೇರೆ ಬೇರೆ ತೊಂದರೆ ಕಾಣುತ್ತವೆ. ನಿದ್ದೆಗೆ ಸಮಯವೇ ಸಿಗದಿರುವುದು ಒಂದು. ಸಮಯ ಇದ್ದರೂ ನಿದ್ದೆ ಬಾರದಿರುವುದು ಇನ್ನೊಂದು. ನಿದ್ದೆ ಮಾಡಿದರೂ ಅದು ಮೈಗೆ ಹತ್ತದಿರುವುದು ಮೂರನೆಯದು. ಮೂರಕ್ಕೂ ಚಿಕಿತ್ಸೆ ಬೇರೆ, ಒಮ್ಮೊಮ್ಮೆ ವೈದ್ಯರೂ ಬೇರೆ. ನಿಮ್ಮ ಕಷ್ಟ ಏನೆಂದರೆ ನಾಲ್ಕು ವರ್ಷ ಮೊದಲನೆಯದಿತ್ತು, ಅದು ಎರಡನೆಯದಕ್ಕೆ ದಾರಿ ಮಾಡಿತು, ಮೂರನೆಯದು ಬಹುಶಃ ಇವೆರಡರ ಮರೆಯಲ್ಲಿ ಸುಮ್ನೆ ಕೂತಿತ್ತು. ಎಲ್ಲದಕ್ಕೂ ಸೇರಿಸಿ ಮೆಡಿಕಲ್ ಶಾಪಿನವರು ಒಂದೇ ಮಾತ್ರೆ ಕೊಟ್ಟಿದ್ದಾರೆ.

ಮೂರನೆಯದರಿಂದಲೇ ಶುರು ಮಾಡೋಣ. ಮೊದಲು ನೋಡಬೇಕಾದ್ದು ಅದನ್ನೇ.

ನಿದ್ದೆ ಬಂದಾಗ ಮೈಯ ಸ್ನಾಯುಗಳೆಲ್ಲ ಸಡಿಲವಾಗುತ್ತವೆ, ಗಂಟಲಿನವೂ ಅಷ್ಟೇ. ಕೆಲವರಲ್ಲಿ ನಾಲಿಗೆಯ ಬುಡ ಮತ್ತು ಕಿರುನಾಲಿಗೆಯ ಸುತ್ತಲಿನ ಮೆತ್ತನೆಯ ಭಾಗ ಹಿಂದಕ್ಕೆ ಜಾರಿ ಉಸಿರಿನ ದಾರಿಯನ್ನು ಇಕ್ಕಟ್ಟು ಮಾಡುತ್ತವೆ. ಇಕ್ಕಟ್ಟಾದ ದಾರಿಯಲ್ಲಿ ಗಾಳಿ ನುಗ್ಗುವಾಗ ಬರುವ ಸದ್ದೇ ಗೊರಕೆ. ದಾರಿ ಪೂರ್ತಿ ಮುಚ್ಚಿದರೆ ಸದ್ದೂ ಇಲ್ಲ, ಉಸಿರೂ ಇಲ್ಲ. ನಿಮ್ಮ ಮನೆಯವರು ಹೇಳುತ್ತಿರುವುದು ಆ ಮೌನದ ವಿಷಯ. ಹತ್ತು ಸೆಕೆಂಡು, ಇಪ್ಪತ್ತು ಸೆಕೆಂಡು ಹಾಗೇ ಕಳೆಯುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮೆದುಳು ಗಾಬರಿಯಾಗಿ ಕ್ಷಣಕಾಲ ಎಚ್ಚರವಾಗುತ್ತದೆ, ನೀವು ಗೊರ್ರ್ ಎಂದು ಉಸಿರೆಳೆದು ಮಗ್ಗುಲಾಗುತ್ತೀರಿ. ಬೆಳಿಗ್ಗೆ ಇದ್ಯಾವುದೂ ನೆನಪಿರುವುದಿಲ್ಲ. ಇದಕ್ಕೆ ಸ್ಲೀಪ್ ಆಪ್ನಿಯಾ ಅನ್ನುತ್ತಾರೆ. ಗಂಟೆಗೆ ಐದಕ್ಕಿಂತ ಕಡಿಮೆ ಸಲ ಆದರೆ ಅದು ಲೆಕ್ಕಕ್ಕಿಲ್ಲ. ಮೂವತ್ತು ದಾಟಿದರೆ ತೀವ್ರ ಅಂತ ಲೆಕ್ಕ. ಗಂಟೆಗೆ ಮೂವತ್ತು ಅಂದರೆ ಎರಡು ನಿಮಿಷಕ್ಕೊಮ್ಮೆ ಯಾರೋ ಹೆಗಲು ಹಿಡಿದು ಅಲ್ಲಾಡಿಸಿದ ಹಾಗೆ. ಅಂಥ ನಿದ್ದೆ ಎಂಟು ಗಂಟೆ ಮಾಡಿದರೂ ಬೆಳಿಗ್ಗೆ ಮೈ ಭಾರ ಇಳಿದಿರುವುದಿಲ್ಲ.

ಪ್ರತಿ ಸಲ ಉಸಿರು ಕಟ್ಟಿದಾಗಲೂ ಅಡ್ರಿನಲಿನ್ ಏರುತ್ತದೆ, ಜೊತೆಗೆ ಬಿ.ಪಿ.ಯೂ ಏರುತ್ತದೆ. ಮಾತ್ರೆ ತಗೊಂಡರೂ ಬಿ.ಪಿ. ಹತೋಟಿಗೆ ಬರದವರಲ್ಲಿ ಹುಡುಕಿದರೆ ಎಷ್ಟೋ ಸಲ ಇದು ಸಿಗುತ್ತದೆ. ನಿಮ್ಮ ಪತ್ರದಲ್ಲಿ ಇಲ್ಲದ ಮೂರು ವಿಷಯ ಕೇಳುತ್ತೇನೆ. ರಾತ್ರಿ ಮೂತ್ರಕ್ಕೆ ಎರಡು ಮೂರು ಸಲ ಏಳುತ್ತೀರಾ? ಬೆಳಿಗ್ಗೆ ಬಾಯಿ ಒಣಗಿ ತಲೆ ಭಾರ ಇರುತ್ತದಾ? ಅಂಗಿಯ ಕಾಲರ್ ಈಚೆಗೆ ಬಿಗಿಯಾಗಿದೆಯಾ? ಹೌದು ಅಂದರೆ ಅನುಮಾನ ಇನ್ನೂ ಗಟ್ಟಿ. ಕತ್ತಿನ ಸುತ್ತಳತೆ 40 ಸೆಂಟಿಮೀಟರ್ ದಾಟಿದ್ದರೆ ವೈದ್ಯರು ಅದನ್ನೂ ಲೆಕ್ಕಕ್ಕೆ ತಗೊಳ್ಳುತ್ತಾರೆ. ದಪ್ಪ ಇರುವವರಿಗೆ ಮಾತ್ರ ಬರುತ್ತದೆ ಅಂದುಕೊಳ್ಳಬೇಡಿ. ದವಡೆ ಚಿಕ್ಕದಿರುವ ಸಣಕಲು ಮನುಷ್ಯರಿಗೂ ಬರುತ್ತದೆ.

ಇನ್ನು ಆ ಡ್ರಿಂಕ್ಸ್. ಬೇಗ ನಿದ್ದೆ ಬರುತ್ತದೆ ಅಂದಿರಿ, ಅದು ನಿಜವೇ. ಆದರೆ ಮದ್ಯ ಗಂಟಲಿನ ಸ್ನಾಯುಗಳನ್ನು ಇನ್ನೂ ಸಡಿಲ ಮಾಡುತ್ತದೆ, ಉಸಿರು ಕಟ್ಟುವುದು ಜಾಸ್ತಿಯಾಗುತ್ತದೆ. ಅರ್ಧರಾತ್ರಿ ಕಳೆದು ಅಮಲು ಇಳಿಯುವಾಗ ನಿದ್ದೆ ಚೂರುಚೂರಾಗುತ್ತದೆ. ಅದರ ಮೇಲೆ ಆಲ್‌ಪ್ರಜೋಲಾಮ್ ಬಿದ್ದರೆ ಎರಡೂ ಸೇರಿ ಉಸಿರಾಟವನ್ನೇ ಮಂದ ಮಾಡುತ್ತವೆ. ಇದರಿಂದ ಪ್ರಾಣ ಹೋದದ್ದೂ ಉಂಟು. ಮಾತ್ರೆಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಎರಡೂ ಒಟ್ಟಿಗೆ ಬೇಡ ಎಂಬುದನ್ನು ಮಾತ್ರ ಇವತ್ತಿನಿಂದಲೇ ಪಾಲಿಸಿ.

ಈಗ ಬೈಕಿನ ಕೀ ವಿಷಯ. ‘ನಾಲ್ಕು ವರ್ಷದಿಂದ ಹೀಗೇ ಇದ್ದೇನೆ, ಅಭ್ಯಾಸ ಆಗಿದೆ’ ಎಂದು ನೀವು ಬರೆದಿಲ್ಲ. ಆದರೆ ನಿಮ್ಮಂಥವರು ನನ್ನ ಎದುರು ಕೂತು ಹೇಳುವ ಮೊದಲ ಮಾತೇ ಅದು. 2003ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಆರೋಗ್ಯವಂತರನ್ನು ಎರಡು ವಾರ ಲ್ಯಾಬಿನಲ್ಲೇ ಇರಿಸಿಕೊಂಡು ಕೆಲವರಿಗೆ ಎಂಟು ಗಂಟೆ, ಕೆಲವರಿಗೆ ಆರು, ಕೆಲವರಿಗೆ ನಾಲ್ಕು ಗಂಟೆ ಮಾತ್ರ ಮಲಗಲು ಬಿಟ್ಟರು. ಎಚ್ಚರಿಕೆ, ನೆನಪು ಎಷ್ಟಿದೆ ಅಂತ ದಿನವೂ ಪರೀಕ್ಷೆ ಮಾಡಿದರು. ಆರು ಗಂಟೆಯವರೂ ನಾಲ್ಕು ಗಂಟೆಯವರೂ ದಿನದಿಂದ ದಿನಕ್ಕೆ ಹಿಂದೆ ಬೀಳುತ್ತಲೇ ಹೋದರು. ಎರಡು ವಾರ ಮುಗಿಯುವ ಹೊತ್ತಿಗೆ ಒಂದೆರಡು ರಾತ್ರಿ ಕಣ್ಣೇ ಮುಚ್ಚದವರ ಮಟ್ಟಕ್ಕೆ ಇಳಿದಿದ್ದರು. ಆದರೆ ನಿದ್ದೆ ಎಷ್ಟು ಬರುತ್ತಿದೆ ಅಂತ ಕೇಳಿದರೆ ಅವರ ಉತ್ತರ ಕೆಲವೇ ದಿನಗಳಲ್ಲಿ ಒಂದು ಮಟ್ಟಕ್ಕೆ ನಿಂತುಬಿಟ್ಟಿತ್ತು. ‘ಸ್ವಲ್ಪ ನಿದ್ದೆ ಬರ್ತಿದೆ, ಪರವಾಗಿಲ್ಲ.’ ಅಂದರೆ ಮೆದುಳು ಕುಸಿಯುತ್ತಿದೆ, ಕುಸಿಯುತ್ತಿರುವುದು ಅದಕ್ಕೇ ಗೊತ್ತಾಗುತ್ತಿಲ್ಲ. ತಕ್ಕಡಿಯೇ ಕೆಟ್ಟಿರುವಾಗ ತೂಕ ನಂಬುವುದು ಹೇಗೆ?

ಇದು ನನಗೂ ಆಗಿದೆ. ಎಂ.ಡಿ. ಓದುವಾಗ ಒಂದು ಸಲ ಮೂವತ್ತಾರು ಗಂಟೆ ಡ್ಯೂಟಿ ಮುಗಿಸಿ ಸ್ಕೂಟರ್ ಹತ್ತಿದೆ. ಸಿಗ್ನಲ್ಲಿನಲ್ಲಿ ನಿಂತದ್ದು ನೆನಪಿದೆ. ಹಿಂದಿನ ಆಟೋದವರು ಬಂದು ಭುಜ ತಟ್ಟಿ ‘ಸಾರ್, ಮನೇಲಿ ಮಲಗಿ’ ಅಂದದ್ದೂ ನೆನಪಿದೆ. ನಡುವಿನದು ಇಲ್ಲ. ಅದೇ ದಿನ ಬೆಳಿಗ್ಗೆ ಒಬ್ಬ ರೋಗಿಗೆ ಒಂದೇ ಮಾತ್ರೆಯನ್ನು ಎರಡು ಹೆಸರಿನಲ್ಲಿ ಬರೆದಿದ್ದೆನಂತೆ. ವಾರ್ಡಿನ ಸಿಸ್ಟರ್ ನೋಡಿ ಒಂದನ್ನು ಹೊಡೆದುಹಾಕಿಸಿದರು. ನಾನಾಗ ಪೂರ್ತಿ ಎಚ್ಚರದಲ್ಲಿದ್ದೇನೆ ಅಂದುಕೊಂಡಿದ್ದೆ. ಯಾರಾದರೂ ಕೇಳಿದ್ದರೆ ಪ್ರಮಾಣ ಮಾಡಿ ಹೇಳುತ್ತಿದ್ದೆ.

ಕೆಲವು ಸೆಕೆಂಡು ಮಾತ್ರ ಬಂದು ಹೋಗುವ ಇಂಥ ನಿದ್ದೆಗೆ ಮೈಕ್ರೋಸ್ಲೀಪ್ ಎಂದು ಹೆಸರು. ಕಣ್ಣು ತೆರೆದೇ ಇದ್ದರೂ ಬರಬಹುದು. ಬೈಕ್ ಗಂಟೆಗೆ 50 ಕಿ.ಮೀ. ವೇಗದಲ್ಲಿದ್ದರೆ ಮೂರು ಸೆಕೆಂಡಿನಲ್ಲಿ ನಲವತ್ತು ಮೀಟರಿಗೂ ಹೆಚ್ಚು ದೂರ ಹೋಗಿರುತ್ತದೆ, ಸವಾರ ಇಲ್ಲದೆ. ಕುಡಿದು ಓಡಿಸುವವರ ಜೊತೆ ಹೋಲಿಸಿಯೂ ನೋಡಿದ್ದಾರೆ. ಹದಿನೇಳು ಗಂಟೆ ಸತತ ಎಚ್ಚರವಿದ್ದವರ ಕೈ, ಕಣ್ಣಿನ ಚುರುಕು ನೂರು ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ. ನಮ್ಮ ಮೋಟಾರು ವಾಹನ ಕಾಯಿದೆಯಲ್ಲಿ 30 ಮಿಲಿಗ್ರಾಂ ದಾಟಿದರೇ ಕೇಸು. ನಿದ್ದೆಗೆಟ್ಟು ಓಡಿಸುವವರನ್ನು ಊದಿಸಿ ನೋಡುವ ಯಂತ್ರ ಪೊಲೀಸರ ಹತ್ತಿರ ಇಲ್ಲ, ಅಷ್ಟೇ ವ್ಯತ್ಯಾಸ. ಅದಕ್ಕೇ ಕೀ ಮಗಳ ಹತ್ತಿರ ಇರಲಿ ಅಂದದ್ದು. ಟ್ರ್ಯಾಕ್ಟರ್, ಟಿಲ್ಲರ್, ಮೇವು ಕತ್ತರಿಸುವ ಯಂತ್ರಕ್ಕೂ ಇದೇ ಮಾತು.

ಸಿಟ್ಟಿನ ಬಗ್ಗೆ ಬೇಸರ ಮಾಡಿಕೊಳ್ಳಬೇಡಿ. ನಿದ್ದೆ ಇಲ್ಲದ ಮೆದುಳಿನಲ್ಲಿ ಭಯ, ಕೋಪದ ಭಾಗ ಬೇಗ ಕೆರಳುತ್ತದೆ, ಅದನ್ನು ತಡೆಯುವ ಭಾಗ ಸೋಮಾರಿಯಾಗುತ್ತದೆ. ನಿಮ್ಮ ಗುಣವೇ ಕೆಟ್ಟಿತು ಅಂತ ಮನೆಯವರು ಅಂದುಕೊಂಡಿದ್ದರೆ ಇದನ್ನು ಓದಿ ಹೇಳಿ. ಇನ್ನು ಸಕ್ಕರೆ. ಆರೋಗ್ಯವಂತ ಹುಡುಗರನ್ನೇ ಆರು ರಾತ್ರಿ ನಾಲ್ಕು ನಾಲ್ಕು ಗಂಟೆ ಮಾತ್ರ ಮಲಗಲು ಬಿಟ್ಟಾಗ ಅವರ ಮೈ ಸಕ್ಕರೆಯನ್ನು ನಿಭಾಯಿಸುವ ರೀತಿ ಕೆಟ್ಟಿದ್ದನ್ನು 1999ರಲ್ಲೇ ತೋರಿಸಿದ್ದಾರೆ. ಹಸಿವು ಜಾಸ್ತಿ, ತೂಕ ಜಾಸ್ತಿ, ನೆಗಡಿ ಬೇಗ ಅಂಟುವುದು, ಮರೆವು, ಎಲ್ಲವೂ ಈ ಸಾಲಿನಲ್ಲಿ ಬರುತ್ತವೆ. ನಿಮಗೆ ಬಿ.ಪಿ. ಇರುವುದರಿಂದ ಶುಗರ್ ಪರೀಕ್ಷೆ ಮಾಡಿಸಿ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ನಾಲ್ಕು ವರ್ಷದ ನಿದ್ದೆ ಬಾಕಿ ಇದೆಯಲ್ಲ, ತೀರಿಸುವುದು ಹೇಗೆ ಅಂತ ಹೆದರಬೇಡಿ. ಇದು ಸೊಸೈಟಿ ಸಾಲದ ಹಾಗಲ್ಲ, ಅಸಲು ಬಡ್ಡಿ ಲೆಕ್ಕ ಹಾಕಿ ಯಾರೂ ವಸೂಲಿ ಮಾಡುವುದಿಲ್ಲ. 1964ರ ಆರಂಭದಲ್ಲಿ ಅಮೆರಿಕದ ರಾಂಡಿ ಗಾರ್ಡ್ನರ್ ಎಂಬ ಹದಿನೇಳರ ಹುಡುಗ ಶಾಲೆಯ ವಿಜ್ಞಾನ ಮೇಳಕ್ಕಾಗಿ ಸುಮಾರು 264 ಗಂಟೆ, ಅಂದರೆ ಹನ್ನೊಂದು ದಿನ ನಿದ್ದೆ ಮಾಡದೆ ಇದ್ದ. ಆಮೇಲೆ ಮಲಗಿದ್ದು ಹದಿನಾಲ್ಕು ಗಂಟೆಯಷ್ಟೇ. ಇಂಥ ದಾಖಲೆಗೆ ಯಾರೂ ಕೈ ಹಾಕಬಾರದು ಅಂತ ಗಿನ್ನೆಸ್‌ನವರು ಈ ವಿಭಾಗವನ್ನೇ ಕೈಬಿಟ್ಟಿದ್ದಾರೆ. ನಾನು ಹೇಳಹೊರಟಿದ್ದು ಬೇರೆ. ದಾರಿ ಸರಿಯಾದರೆ ಮೆದುಳು ಮೊದಲು ಗಾಢ ನಿದ್ದೆಯನ್ನು ತುಂಬಿಕೊಳ್ಳುತ್ತದೆ. ಗಂಟೆಗೆ ಗಂಟೆ ತೀರಿಸಬೇಕಾಗಿಲ್ಲ.

ಈಗ ನಿಮ್ಮನ್ನು ಹೆಚ್ಚು ಕಾಡುವ ಪ್ರಶ್ನೆ. ಸ್ಟಾರ್ಟರ್ ಬಂತು, ಏಳುವ ಕೆಲಸ ತಪ್ಪಿತು, ನಿದ್ದೆ ಯಾಕೆ ವಾಪಸ್ ಬರಲಿಲ್ಲ?

ಬೆಳೆಯ ಲೆಕ್ಕದಲ್ಲೇ ನೋಡಿ. ನೆಲದ ಗುಣ ಅಂತ ಒಂದಿರುತ್ತದೆ. ಕೆಲವರದ್ದು ಹುಟ್ಟಿನಿಂದಲೇ ತೆಳು ನಿದ್ದೆ. ಬೀಜ ಬೀಳಲು ಒಂದು ಕಾರಣ ಬೇಕು, ನಿಮಗೆ ಅದು ರಾತ್ರಿಯ ಕರೆಂಟು. ಬಿದ್ದ ಬೀಜಕ್ಕೆ ಗೊಬ್ಬರ ಹಾಕುವುದು ಮಾತ್ರ ನಾವೇ, ನಮಗೆ ಗೊತ್ತಿಲ್ಲದ ಹಾಗೆ. ನಿದ್ದೆ ಕಮ್ಮಿಯಾಯಿತು ಅಂತ ಒಂಬತ್ತಕ್ಕೇ ಹಾಸಿಗೆಗೆ ಹೋಗುವುದು ಒಂದು ಬುಟ್ಟಿ ಗೊಬ್ಬರ. ಮಧ್ಯಾಹ್ನ ಎರಡು ಗಂಟೆ ಮಲಗಿ ಸರಿದೂಗಿಸುವುದು ಇನ್ನೊಂದು ಬುಟ್ಟಿ. ಎಚ್ಚರವಾದಾಗಲೆಲ್ಲ ಮೊಬೈಲಿನಲ್ಲಿ ಗಂಟೆ ನೋಡಿ ‘ಇನ್ನು ಮೂರೇ ಗಂಟೆ ಇದೆ’ ಅಂತ ಲೆಕ್ಕ ಹಾಕುವುದಂತೂ ಒಂದು ಗಾಡಿ. ಕಾರಣ ಹೋದ ಮೇಲೂ ಬೆಳೆ ನಿಂತಿರುವುದು ಈ ಗೊಬ್ಬರದಿಂದ.

ಎರಡು ಗಂಟೆಗೆ ಸರಿಯಾಗಿ ಎಚ್ಚರವಾಗುವುದಕ್ಕೂ ಅರ್ಥವಿದೆ. ಮೈಯೊಳಗೆ ಒಂದು ಗಡಿಯಾರವಿದೆ. ಅದು ಜೀವಕೋಶದೊಳಗೆ ಹೇಗೆ ನಡೆಯುತ್ತದೆ ಎಂದು ಕಂಡುಹಿಡಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ಬೆಳಕು, ಊಟ, ಏಳುವ ಹೊತ್ತು ಇವೆಲ್ಲ ಆ ಗಡಿಯಾರಕ್ಕೆ ಕೀ ಕೊಡುತ್ತವೆ. ನಾಲ್ಕು ವರ್ಷ ಎರಡು ಗಂಟೆಗೆ ಎದ್ದು, ಮುಖಕ್ಕೆ ಟಾರ್ಚಿನ ಬೆಳಕು ಬಿಟ್ಟುಕೊಂಡು, ಹಾವಿದೆಯೋ ಏನೋ ಎಂದು ಮೈಯೆಲ್ಲ ಕಣ್ಣಾಗಿ ನಡೆದಿದ್ದೀರಿ. ಈಗ ಸ್ಟಾರ್ಟರ್ ಬದಲಾಗಿದೆ, ಮೆದುಳಿಗೆ ಯಾರೂ ತಿಳಿಸಿಲ್ಲ.

ಈ ಬಗೆಯ ನಿದ್ರಾಹೀನತೆಗೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ. ಅಮೆರಿಕದ ವೈದ್ಯರ ದೊಡ್ಡ ಸಂಘವೊಂದು 2016ರಲ್ಲೇ ಹಾಗೆಂದು ಬರೆದಿಟ್ಟಿದೆ. ವಾರಕ್ಕೆ ಕನಿಷ್ಠ ಮೂರು ರಾತ್ರಿ, ಕನಿಷ್ಠ ಮೂರು ತಿಂಗಳು ನಿದ್ದೆ ಬಾರದಿದ್ದರೆ ಮೊದಲು ಕೊಡಬೇಕಾದ್ದು ಸಿಬಿಟಿ-ಐ. ಮಾತು, ಲೆಕ್ಕ ಮತ್ತು ಅಭ್ಯಾಸದ ಚಿಕಿತ್ಸೆ ಅದು. ನಾಲ್ಕರಿಂದ ಎಂಟು ಭೇಟಿಯಲ್ಲಿ ಮುಗಿಯುತ್ತದೆ. ಮನೋವೈದ್ಯರೋ ಕ್ಲಿನಿಕಲ್ ಸೈಕಾಲಜಿಸ್ಟೋ ಮಾಡುತ್ತಾರೆ. ಮೊದಲು ಎರಡು ವಾರ ನಿದ್ದೆಯ ಡೈರಿ ಬರೆಸುತ್ತಾರೆ. ಹಾಸಿಗೆಯಲ್ಲಿ ಎಂಟು ಗಂಟೆ ಇದ್ದು ಐದೂವರೆ ಗಂಟೆ ಮಾತ್ರ ನಿದ್ದೆ ಬಂದಿದೆ ಅಂತಾದರೆ, ಹಾಸಿಗೆಯ ಸಮಯವನ್ನೇ ಐದೂವರೆಗೆ ಇಳಿಸುತ್ತಾರೆ. ಬೆಳಿಗ್ಗೆ ಐದಕ್ಕೆ ಏಳುವವರಾದರೆ ರಾತ್ರಿ ಹನ್ನೊಂದೂವರೆಗೆ ಮುಂಚೆ ಹಾಸಿಗೆ ಮುಟ್ಟುವ ಹಾಗಿಲ್ಲ! ಕೇಳಿದವರೆಲ್ಲ ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ. ನಿದ್ದೆ ಇಲ್ಲ ಅಂತ ಬಂದರೆ ಇನ್ನೂ ಕಮ್ಮಿ ಮಲಗು ಅಂತಾನಲ್ಲ ಎಂದು. ಆದರೆ ಕೆಲವೇ ದಿನಗಳಲ್ಲಿ ನಿದ್ದೆಯ ಹಸಿವು ಏರುತ್ತದೆ, ಹಾಸಿಗೆಗೆ ಬಿದ್ದ ಕೂಡಲೇ ಕಣ್ಣು ಹತ್ತುತ್ತದೆ. ಆಮೇಲೆ ವಾರಕ್ಕೆ ಕಾಲು ಗಂಟೆಯಂತೆ ಹೆಚ್ಚಿಸುತ್ತಾರೆ. ಇದರ ಜೊತೆಗೆ ಇನ್ನೊಂದು ನಿಯಮ. ಇಪ್ಪತ್ತು ನಿಮಿಷ ಆಯಿತು ಅನ್ನಿಸಿದರೂ ನಿದ್ದೆ ಬರದಿದ್ದರೆ ಎದ್ದು ಜಗುಲಿಯಲ್ಲೋ ಪಡಸಾಲೆಯಲ್ಲೋ ಮಂದ ಬೆಳಕಿನಲ್ಲಿ ಕೂತು, ಕಣ್ಣು ಎಳೆದಾಗಲೇ ವಾಪಸ್ ಬರಬೇಕು. ಹಾಸಿಗೆ ಅಂದರೆ ಹೊರಳಾಟ ಎಂದು ಮೆದುಳು ಕಲಿತಿದೆಯಲ್ಲ, ಅದನ್ನು ಮರೆಸುವುದು ಹೀಗೆ.

ದಯವಿಟ್ಟು ಇದನ್ನು ಓದಿ ಇವತ್ತು ರಾತ್ರಿಯೇ ಶುರು ಮಾಡಬೇಡಿ. ಹಗಲು ಇಷ್ಟೊಂದು ತೂಕಡಿಸುವವರಿಗೆ, ಉಸಿರು ಕಟ್ಟುವ ಅನುಮಾನ ಇರುವವರಿಗೆ, ಹಾಸಿಗೆಯ ಸಮಯ ಇಳಿಸುವುದು ವೈದ್ಯರ ಕಣ್ಣೆದುರೇ ಆಗಬೇಕು. ಫಿಟ್ಸ್ ಇರುವವರಿಗೂ ಇದೇ ಎಚ್ಚರಿಕೆ. ನೀವು ಈಗಲೇ ಮಾಡಬಹುದಾದ್ದು ಇಷ್ಟು. ಏಳುವ ಹೊತ್ತು ದಿನವೂ ಒಂದೇ ಇರಲಿ, ಎದ್ದ ಕೂಡಲೇ ಬಿಸಿಲಿಗೆ ಹೋಗಿ. ಸಂಜೆ ಮೇಲೆ ಟೀ ಬೇಡ. ಅದರಲ್ಲಿರುವ ಕೆಫೀನ್ ಐದಾರು ಗಂಟೆ ಕಳೆದರೂ ಅರ್ಧದಷ್ಟು ರಕ್ತದಲ್ಲೇ ಇರುತ್ತದೆ. ಅಡಿಕೆ ಬೆಳೆಯುವವರಿಗೆ ಹೇಳಲು ಸಂಕೋಚ, ಆದರೂ ಊಟದ ನಂತರದ ಎಲೆ ಅಡಿಕೆಯನ್ನೂ ಸ್ವಲ್ಪ ದಿನ ಬಿಟ್ಟು ನೋಡಿ, ಅಡಿಕೆಯಲ್ಲೂ ಚುರುಕು ಮಾಡುವ ಅಂಶ ಇದೆ. ಸಾಲದ ಲೆಕ್ಕವನ್ನು ಸಂಜೆ ಆರಕ್ಕೆ ನೋಟ್‌ಬುಕ್ಕಿನಲ್ಲಿ ಬರೆದು ಮುಚ್ಚಿಡಿ. ರಾತ್ರಿ ಎರಡಕ್ಕೆ ನೆನಪಾದರೆ, ಬರೆದಾಗಿದೆ ಅಂತ ಮನಸ್ಸಿಗೆ ಹೇಳಬಹುದು.

ಇನ್ನು ಆ ಮಾತ್ರೆ. ಆಲ್‌ಪ್ರಜೋಲಾಮ್ ನಮ್ಮ ದೇಶದಲ್ಲಿ ಎಚ್1 ಪಟ್ಟಿಯ ಔಷಧಿ. ಚೀಟಿ ಇಲ್ಲದೆ ಮಾರುವ ಹಾಗಿಲ್ಲ, ಮಾರಿದ್ದನ್ನು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. ಅರ್ಧ ಮಾತ್ರೆ ಒಂದಾಗಿ, ಒಂದೂ ಹಿಡಿಯದೆ ಹೋದದ್ದು ನಿಮ್ಮ ತಪ್ಪಲ್ಲ. ಈ ಗುಂಪಿನ ಮಾತ್ರೆಗಳಿಗೆ ಮೆದುಳು ಒಗ್ಗಿಕೊಳ್ಳುವ ರೀತಿಯೇ ಹಾಗೆ. ಆದರೆ ಈಗ ಇದನ್ನು ಓದಿ ರೋಷದಲ್ಲಿ ಒಂದೇ ಸಲಕ್ಕೆ ಬಿಟ್ಟುಬಿಡಬೇಡಿ. ಎಂಟು ತಿಂಗಳು ತಗೊಂಡ ಮೇಲೆ ದಿಢೀರ್ ನಿಲ್ಲಿಸಿದರೆ ಕೈ ನಡುಕ, ಎದೆಬಡಿತ, ಕೆಲವರಲ್ಲಿ ಫಿಟ್ಸ್ ಕೂಡ ಬರಬಹುದು. ನಿದ್ದೆಯೂ ಮೊದಲಿಗಿಂತ ಕೆಡುತ್ತದೆ. ಜನ ಅದನ್ನು ನೋಡಿ ‘ಮಾತ್ರೆ ಇಲ್ಲದೆ ನನಗೆ ಆಗುವುದೇ ಇಲ್ಲ’ ಅಂದುಕೊಳ್ಳುತ್ತಾರೆ. ಅದು ಮಾತ್ರೆ ಬಿಟ್ಟದ್ದರ ಪರಿಣಾಮ, ಕೆಲವು ದಿನಗಳದ್ದು. ವೈದ್ಯರು ಎಷ್ಟೋ ವಾರಗಳಲ್ಲಿ ಚೂರು ಚೂರೇ ಇಳಿಸುತ್ತಾರೆ. ಎಷ್ಟು ಚೂರು, ಎಷ್ಟು ದಿನಕ್ಕೆ ಎಂಬುದನ್ನು ಅವರೇ ನಿಮ್ಮನ್ನು ನೋಡಿ ತೀರ್ಮಾನಿಸಬೇಕು.

ಯಾವ ಡಾಕ್ಟರ್ ಅಂತ ಕೇಳಿದ್ದೀರಿ. ತಾಲೂಕು ಆಸ್ಪತ್ರೆಯ ಫಿಸಿಷಿಯನ್‌ರಿಂದ ಶುರು ಮಾಡಿ. ಬಿ.ಪಿ., ಶುಗರ್, ಥೈರಾಯ್ಡ್, ರಕ್ತದಲ್ಲಿ ಕಬ್ಬಿಣದ ಅಂಶ ನೋಡಿಸಿ. ರಾತ್ರಿ ಕಾಲು ಜುಮುಗುಟ್ಟಿ ಅಲ್ಲಾಡಿಸಲೇಬೇಕು ಅನ್ನಿಸುತ್ತಿದ್ದರೆ ಅದನ್ನೂ ಹೇಳಿ, ಕಬ್ಬಿಣ ಕಮ್ಮಿಯಾದರೂ ಹಾಗಾಗುತ್ತದೆ. ಹೋಗುವ ಮೊದಲು ಮನೆಯವರಿಗೆ ಹೇಳಿ ನಿಮ್ಮ ಗೊರಕೆಯನ್ನು ಮೊಬೈಲಿನಲ್ಲಿ ಎರಡು ಮೂರು ನಿಮಿಷ ವಿಡಿಯೋ ಮಾಡಿಸಿಕೊಳ್ಳಿ. ಆ ವಿಡಿಯೋ ನಿಮ್ಮ ಅರ್ಧ ಗಂಟೆಯ ವಿವರಣೆಗಿಂತ ಹೆಚ್ಚು ಹೇಳುತ್ತದೆ. ವೈದ್ಯರು ಎಂಟು ಪ್ರಶ್ನೆಗಳ ಒಂದು ಚೀಟಿ ಕೊಡಬಹುದು. ಕೂತು ಓದುವಾಗ, ಟಿ.ವಿ. ನೋಡುವಾಗ, ಬಸ್ಸಿನಲ್ಲಿ ಹೋಗುವಾಗ ನಿದ್ದೆ ಹತ್ತುವ ಸಂಭವ ಎಷ್ಟು ಎಂದು ಸೊನ್ನೆಯಿಂದ ಮೂರರವರೆಗೆ ಅಂಕ ಹಾಕಬೇಕು. ಒಟ್ಟು ಹತ್ತು ದಾಟಿದರೆ ಮುಂದಿನ ಪರೀಕ್ಷೆ ಬೇಕೆಂದು ಅರ್ಥ. ಬೈಕಿನಲ್ಲಿ ನಿದ್ದೆ ಹತ್ತಿದ ವಿಷಯವನ್ನು ಮುಚ್ಚಿಡಬೇಡಿ.

ಮುಂದಿನ ಪರೀಕ್ಷೆ ಅಂದರೆ ಸ್ಲೀಪ್ ಸ್ಟಡಿ. ಇದನ್ನು ಶ್ವಾಸಕೋಶ ತಜ್ಞರು, ಕೆಲವು ಕಡೆ ಇ.ಎನ್.ಟಿ. ಅಥವಾ ನರರೋಗ ತಜ್ಞರು ಮಾಡಿಸುತ್ತಾರೆ. ನಿಮಗೆ ತುಮಕೂರು ಹತ್ತಿರ, ಬೇಕಾದರೆ ಬೆಂಗಳೂರು. ತಲೆಗೆ, ಕಣ್ಣಿನ ಪಕ್ಕಕ್ಕೆ, ಗಲ್ಲಕ್ಕೆ, ಕಾಲಿಗೆ ತಂತಿ ಅಂಟಿಸುತ್ತಾರೆ. ಎದೆಗೂ ಹೊಟ್ಟೆಗೂ ಒಂದೊಂದು ಪಟ್ಟಿ, ಮೂಗಿನ ಹತ್ತಿರ ಸಣ್ಣ ನಳಿಕೆ, ಬೆರಳಿಗೆ ಆಮ್ಲಜನಕ ನೋಡುವ ಕ್ಲಿಪ್. ನೋವೇನೂ ಇಲ್ಲ. ಇಷ್ಟೆಲ್ಲ ಕಟ್ಟಿದರೆ ನಿದ್ದೆ ಬರುತ್ತದಾ ಅಂತ ಎಲ್ಲರೂ ಕೇಳುತ್ತಾರೆ, ಸಾಮಾನ್ಯವಾಗಿ ಸಾಕಾಗುವಷ್ಟು ಬರುತ್ತದೆ. ಮನೆಯಲ್ಲೇ ಕಟ್ಟಿಕೊಂಡು ಮಲಗುವ ಚಿಕ್ಕ ಯಂತ್ರವೂ ಇದೆ. ಆಪ್ನಿಯಾ ಇದೆ ಅಂತಾದರೆ ಹೆಚ್ಚಾಗಿ ಹೇಳುವುದು ಸಿ-ಪ್ಯಾಪ್ ಯಂತ್ರ. ಮೂಗಿನ ಮೇಲಿನ ಮಾಸ್ಕಿನಿಂದ ಹಗುರವಾದ ಒತ್ತಡದಲ್ಲಿ ಗಾಳಿ ಬಿಟ್ಟು ಗಂಟಲಿನ ದಾರಿಯನ್ನು ತೆರೆದಿಡುತ್ತದೆ. ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಎಂಬ ವೈದ್ಯರು ಇದನ್ನು ಲೋಕಕ್ಕೆ ತಿಳಿಸಿದ್ದು 1981ರಲ್ಲಿ. ಯಂತ್ರ ದುಬಾರಿ. ಕೊಳ್ಳುವ ಮೊದಲು ಬಾಡಿಗೆಗೆ ತಂದು ಕೆಲವು ವಾರ ಬಳಸಿ ನೋಡಿ. ಮೊದಲ ವಾರ ಉಸಿರುಗಟ್ಟಿದ ಹಾಗೆ ಅನ್ನಿಸಿ ಎಷ್ಟೋ ಜನ ಅಟ್ಟಕ್ಕೆ ಹಾಕಿಬಿಡುತ್ತಾರೆ. ಮಾಸ್ಕಿನ ಅಳತೆ ಬದಲಿಸಿದರೆ ಸಾಕು, ಬಹಳ ಸಲ ಸರಿಹೋಗುತ್ತದೆ. ತೊಂದರೆ ಸೌಮ್ಯವಾಗಿದ್ದರೆ ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ಕುಡಿತ ಬಿಡುವುದು, ಇಷ್ಟರಲ್ಲೇ ಮುಗಿಯಬಹುದು.

ಮನೋವೈದ್ಯರು ಬೇಕಾಗುವುದು ಮಾತ್ರೆ ಇಳಿಸಲು ಮತ್ತು ಎರಡು ಗಂಟೆಯ ಎಚ್ಚರವನ್ನು ಸರಿಮಾಡಲು. ಇನ್ನೊಂದು ಕಾರಣವೂ ಇದೆ. ಬೆಳಗಿನ ಜಾವಕ್ಕೆ ಮುಂಚೆಯೇ ಎಚ್ಚರ, ಸಿಟ್ಟು, ಸಾಲದ ಭಾರ, ಇಷ್ಟು ಒಟ್ಟಿಗೆ ಕಂಡಾಗ ಖಿನ್ನತೆ ಇದೆಯಾ ಎಂದು ನಾವು ನೋಡಲೇಬೇಕು. ಮೊದಲು ಖುಷಿ ಕೊಡುತ್ತಿದ್ದ ಕೆಲಸದಲ್ಲಿ ಈಗ ಮನಸ್ಸಿಲ್ಲವಾ? ಇನ್ನು ಬದುಕಿ ಏನು ಅಂತ ಯಾವತ್ತಾದರೂ ಅನ್ನಿಸಿದೆಯಾ? ಅನ್ನಿಸಿದ್ದರೆ ತಿಂಗಳು ಕಾಯಬೇಡಿ. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಅದರ ಹೆಸರು, ಸರ್ಕಾರದ ಉಚಿತ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ರಾತ್ರಿ ಎರಡು ಗಂಟೆಗೂ ಮಾಡಬಹುದು. ಮನೆಯವರಿಗೂ ಆ ಕ್ಷಣವೇ ಹೇಳಿ. ಮನೆಯಲ್ಲಿರುವ ಕ್ರಿಮಿನಾಶಕದ ಡಬ್ಬಿಗಳನ್ನು ಅವರು ಬೀಗ ಹಾಕಿ ಇಡಲಿ. ನನ್ನ ಈ ಮಾತು ಅತಿಯಾಯಿತು ಅನ್ನಿಸಿದರೂ ಪರವಾಗಿಲ್ಲ.

ಊರವರ ವಿಷಯ. ಜಿಲ್ಲಾ ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯ ವಿಭಾಗ ಇದೆ, ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಎಂಬ ಹೆಸರಿನಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೂ ಮನೋವೈದ್ಯರು ಬರುವ ವ್ಯವಸ್ಥೆ ಮಾಡಿದ್ದಾರೆ. ನಿಮ್ಮಲ್ಲಿ ಯಾವ ವಾರ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮ ಬಳ್ಳಾರಿಯಲ್ಲಿ ನಿಮ್ಹಾನ್ಸ್‌ನವರು ಮಾಡಿದ ಕೆಲಸ. ಅಂದಮೇಲೆ ಇದರಲ್ಲಿ ಹೊಸದೂ ಇಲ್ಲ, ನಾಚಿಕೆಯದೂ ಇಲ್ಲ. ಯಾರಾದರೂ ಕೇಳಿದರೆ ಗೊರಕೆಗೆ ತೋರಿಸಲು ಹೋಗಿದ್ದೆ ಅನ್ನಿ. ಅದು ಸುಳ್ಳೂ ಅಲ್ವಲ್ಲ.

ಒಂದು ಮಾತು ಉಳಿಯಿತು. ನಿಮ್ಮ ಉಸಿರು ಯಾವಾಗ ನಿಲ್ಲುತ್ತದೆ, ಯಾವಾಗ ಶುರುವಾಗುತ್ತದೆ ಎಂದು ಅಷ್ಟು ಸರಿಯಾಗಿ ಹೇಳುತ್ತಿರುವ ನಿಮ್ಮ ಮನೆಯವರು ಆ ಹೊತ್ತಿನಲ್ಲಿ ಎಚ್ಚರ ಇದ್ದಾರೆ ಅಂತಾಯಿತು. ಎಷ್ಟು ದಿನದಿಂದ? ನಿಮ್ಮ ಪತ್ರದಲ್ಲಿ ಅವರ ನಿದ್ದೆಯ ಬಗ್ಗೆ ಒಂದು ಸಾಲೂ ಇಲ್ಲ. ಡಾಕ್ಟರ್ ಹತ್ತಿರ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ, ಅವರಿಗೂ ಒಂದು ಚೀಟಿ ಮಾಡಿಸಿ.